ಜೋಗಕ್ಕೆ ಬಂದವರು ಸಾಗರದಲ್ಲಿ ಯಾಕೆ ಉಳಿಯಲ್ಲ?

ಶರಾವತಿ_ಸೀಮೆ

ಮಳೆಗಾಲದ ಶನಿವಾರ ಬೆಳಿಗ್ಗೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಿ. ಜೋಗಕ್ಕೆ ಹೋಗುವ ಕಾರುಗಳೇ ಕಾರುಗಳು. ತಿಂಡಿಗೆ ಒಂದು ಕಡೆ ನಿಲ್ಲಿಸುತ್ತಾರೆ, ಪೆಟ್ರೋಲ್ ಹಾಕಿಸುತ್ತಾರೆ, ತಾಳಗುಪ್ಪದ ಕಡೆ ಹೊರಟೇ ಬಿಡುತ್ತಾರೆ. ಜೋಗ ಇಲ್ಲಿಂದ ಸುಮಾರು 30 ಕಿ.ಮೀ. ಅಲ್ಲಿ ಗಾಡಿ ನಿಲ್ಲಿಸಲು ಜಾಗಕ್ಕೆ ಕಾಯಬೇಕು, ಮಂಜು ಸರಿಯಲಿ ಅಂತ ಕಾಯಬೇಕು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡರೆ ಅದೃಷ್ಟ. ಫೋಟೊ ತೆಗೆದು, ಸುಟ್ಟ ಜೋಳ ತಿಂದು, ಸಂಜೆಗೆ ಅದೇ ದಾರಿಯಲ್ಲಿ ವಾಪಸ್.

253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನೋಡಲು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುವುದು ಬೇರೆ. ಇಷ್ಟು ದೂರ ಬಂದವರು ಸಾಗರದಲ್ಲಿ ಒಂದು ರಾತ್ರಿಯಾದರೂ ಯಾಕೆ ಉಳಿಯಲ್ಲ?

ನಾನು ಸಾಗರದಲ್ಲಿ ಹುಟ್ಟಿ ಬೆಳೆದವನು, ಈಗ ಬೆಂಗಳೂರಿನಲ್ಲಿ ಕೆಲಸ. ಊರಿನ ಮೇಲೆ ಪ್ರೀತಿ ಇರುವುದು ಸಹಜ. ಆದರೆ ಅಷ್ಟಕ್ಕೇ ಹೇಳುತ್ತಿಲ್ಲ. ಜೋಗದ ಸುತ್ತ ಎಲ್ಲವೂ ಬಂದವರಿಗಾಗಿ ಇದೆ. ಅಂಗಡಿ, ಹೋಟೆಲ್, ಟಿಕೆಟ್ ಕೌಂಟರ್, ಎಲ್ಲವೂ. ಸಾಗರದಲ್ಲಿ ಬಂದವರಿಗೆ ಅಂತ ಹೆಚ್ಚೇನೂ ಇಲ್ಲ. ಪೇಟೆಯಲ್ಲಿ ದೋಟಿ, ಕತ್ತಿ, ಮೈಲುತುತ್ತ, ಹಗ್ಗ, ಕಂಬಳಿ ಮಾರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕೂತವರು ಅಡಿಕೆ ರೇಟು ಮಾತಾಡುತ್ತಿರುತ್ತಾರೆ. ಪ್ರವಾಸಿ ಬಂದರೂ ಬಾರದಿದ್ದರೂ ಇಲ್ಲಿನ ದಿನ ಹಾಗೇ ನಡೆಯುತ್ತದೆ. ಅಂಥ ಊರಲ್ಲಿ ಸುಮ್ನೆ ಎರಡು ದಿನ ಇದ್ದು ನೋಡಿದರೆ ಮಲೆನಾಡು ಅರ್ಥವಾಗುತ್ತದೆ. ಜಲಪಾತದ ಕಟಕಟೆಗೆ ಒರಗಿ ನಿಂತರೆ ಅದು ಸಿಗಲ್ಲ.

ನೋಡಲು ಏನಿದೆ ಅಂತ ಕೇಳುವವರಿಗೆ ಒಂದನ್ನೇ ಹೇಳುತ್ತೇನೆ. ಇಕ್ಕೇರಿ. ಪೇಟೆಯಿಂದ ಆರೇಳು ಕಿ.ಮೀ. ಇರಬಹುದು. ಕೆಳದಿ ನಾಯಕರ ರಾಜಧಾನಿ ಕೆಳದಿಯಿಂದ ಇಲ್ಲಿಗೆ ಬಂತು, ಆಮೇಲೆ ಬಿದನೂರಿಗೆ ಹೋಯಿತು. ಅರಮನೆ, ಕೋಟೆ ಏನೂ ಉಳಿದಿಲ್ಲ. ಉಳಿದಿರುವುದು ಅಘೋರೇಶ್ವರ ದೇವಸ್ಥಾನ. ಕಣಶಿಲೆಯ ದೊಡ್ಡ ಕಟ್ಟಡ, ಎದುರಿಗೆ ಬೇರೆಯೇ ಮಂಟಪದಲ್ಲಿ ಭಾರಿ ನಂದಿ. ಗರ್ಭಗುಡಿಯ ಪೀಠವನ್ನು ತಪ್ಪದೆ ನೋಡಿ. ಒಳಗಿನ ಮುಕ್ಕಾಲು ಪಾಲು ಜಾಗವನ್ನು ಅದೇ ತುಂಬಿಕೊಂಡಿದೆ, ಸುತ್ತಲೂ ಕುಳಿತ ದೇವಿಯರನ್ನು ಕೆತ್ತಿದ್ದಾರೆ. ಇನ್ನೊಂದು, ಒಳಗೆ ನಡೆಯುವಾಗ ನೆಲ ನೋಡಿಕೊಂಡು ನಡೆಯಿರಿ. ಕೆಳದಿಯ ಮೂವರು ಅರಸರು ದೇವರಿಗೆ ಅಡ್ಡಬಿದ್ದಿರುವಂತೆ ನೆಲಹಾಸಿನ ಮೇಲೆಯೇ ಕೆತ್ತನೆ ಇದೆ. ಅರಸರೇ ತಮ್ಮನ್ನು ಬಂದುಹೋಗುವವರ ಕಾಲಡಿ ಕೆತ್ತಿಸಿಕೊಂಡಿದ್ದಾರೆ! ವಾರದ ದಿನ ಹೋದರೆ ಅರ್ಚಕರನ್ನು ಬಿಟ್ಟರೆ ಜನ ಕಡಿಮೆ. ಹೊರಗೆ ಹುಲ್ಲುಹಾಸಿನಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಸಾಗರ ಗೊತ್ತಿರುವವರು, ಉಳಿದು ಹೋದವರು, ಅಲ್ಲೇ ಇರುವವರು ಎಲ್ಲರೂ ಬರೆಯಿರಿ.

ಹುಬ್ಳಿ_ಅಕ್ಕ

ನಾವು ಹೋದ ವರ್ಷ ಆಗಸ್ಟ್‌ನಲ್ಲಿ ಶಿರಸಿ, ಸಿದ್ದಾಪುರದ ಮೇಲೆ ಜೋಗಕ್ಕೆ ಬಂದಿದ್ದೆವು. ಜೊತೆಗೆ ಅತ್ತೆ, ಮಾವ, ಇಬ್ಬರು ಮಕ್ಕಳು. ಜನ ಅಂದರೆ ಜನ. ಮಾವನವರಿಗೆ ನಿಲ್ಲಲಾಗಲಿಲ್ಲ, ಕೂರಲು ಜಾಗ ಸಿಗಲಿಲ್ಲ. ಮಕ್ಕಳು ಮಾತ್ರ ಖುಷಿಯಾಗಿದ್ದರು.

ನೀವು ಹೇಳುವ ಹಾಗೆ ಉಳಿಯಬೇಕು ಅಂದರೆ ವಯಸ್ಸಾದವರಿಗೆ, ಮಕ್ಕಳಿಗೆ ಏನಿದೆ? ಬರೀ ದೇವಸ್ಥಾನ ಅಂದರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಊಟ ಹೇಗೆ? ನಮಗೆ ರೊಟ್ಟಿ ಬೇಕೇಬೇಕು ಅಂತ ಇಲ್ಲ, ಅಲ್ಲಿನದೇ ತಿನ್ನುವ ಆಸೆ.

ತೋಟದಮನೆ

ಹುಬ್ಳಿ_ಅಕ್ಕ ಅವರೇ, ನಮ್ಮ ಮನೆ ಸಾಗರದಿಂದ ಒಳಗೆ, ಕೆಳದಿ ಕಡೆ. ಅಡಿಕೆ ತೋಟ. ನಾನು ಮದುವೆಯಾಗಿ ಬಂದವಳು. ಆದ್ದರಿಂದ ಹೊರಗಿನವರ ಕಣ್ಣಿಗೆ ಈ ಊರು ಹೇಗೆ ಕಾಣುತ್ತದೆ ಅಂತ ನನಗೆ ಇನ್ನೂ ನೆನಪಿದೆ.

ಊಟದಿಂದ ಶುರು ಮಾಡುತ್ತೇನೆ. ಪೇಟೆಯ ಹೋಟೆಲುಗಳಲ್ಲಿ ದೋಸೆ, ಇಡ್ಲಿ, ಪೂರಿ, ಎಲ್ಲ ಕಡೆ ಸಿಗುವುದೇ ಸಿಗುತ್ತದೆ. ಮಲೆನಾಡಿನ ಅಡುಗೆ ಬೇಕಾದರೆ ಮನೆಯಲ್ಲಿ ಊಟ ಹಾಕುವ ಹೋಂಸ್ಟೇ ನೋಡಿ. ಯಾವ ತಿಂಗಳಲ್ಲಿ ಬರುತ್ತೀರಿ ಅನ್ನುವುದು ಮುಖ್ಯ. ಮಳೆಗಾಲಕ್ಕೆ ಬಂದರೆ ಕಳಲೆ ಪಲ್ಯ, ಕೆಸುವಿನ ಪತ್ರೊಡೆ, ಹಲಸಿನ ಹಣ್ಣಿನ ಕಡುಬು. ಬೇಸಿಗೆಗೆ ಬಂದರೆ ಮಾವಿನಕಾಯಿಯ ಅಪ್ಪೆಹುಳಿ, ಅದನ್ನು ಲೋಟಕ್ಕೆ ಹಾಕಿಕೊಂಡು ಕುಡಿದು ಮಧ್ಯಾಹ್ನ ಮಲಗಿದರೆ ಸ್ವರ್ಗ. ತಂಬುಳಿ ಎಲ್ಲ ಕಾಲಕ್ಕೂ ಇದೆ. ಒಂದೆಲಗ, ಸಾಂಬಾರಸೊಪ್ಪು, ಶುಂಠಿ, ಹಿತ್ತಲಲ್ಲಿ ಏನು ಸಿಕ್ಕಿತೋ ಅದು. ಮಾಘದ ಹೊತ್ತಿಗೆ ಆಲೆಮನೆ. ಗಾಣದ ಪಕ್ಕ ನಿಂತು ಕಬ್ಬಿನ ಹಾಲು ಕುಡಿಯುವುದು, ಕೊಪ್ಪರಿಗೆಯ ಬಿಸಿ ಬೆಲ್ಲ ತಿನ್ನುವುದು, ತೊಡದೇವು ಅನ್ನುವ ತೆಳ್ಳನೆಯ ಸಿಹಿ ಮಾಡುವುದನ್ನು ನೋಡುವುದು. ಮಕ್ಕಳಿಗೆ ಇದಕ್ಕಿಂತ ಏನು ಬೇಕು? ತಲೆಕೆಳಗಾಗಿ ಕವುಚಿದ ಮಡಕೆಯ ಮೇಲೆ ಹಿಟ್ಟು ಸವರಿ, ಒಂದೇ ಉಸಿರಿನಲ್ಲಿ ಕಾಗದದ ಹಾಗೆ ಎಬ್ಬಿಸುವುದನ್ನು ನಮ್ಮ ಮನೆಗೆ ಬಂದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತವೆ.

ಅಪ್ಪೆಮಿಡಿ (ಘಮದ ಮಾವಿನ ಮಿಡಿ) ಉಪ್ಪಿನಕಾಯಿ ಮಾತ್ರ ಮರೆಯದೆ ಒಯ್ಯಿರಿ. ಸಾಗರ, ರಿಪ್ಪನ್‌ಪೇಟೆ ಕಡೆಯ ಮಿಡಿಗೆ ಹೆಸರು ಸುಮ್ನೆ ಬಂದಿದ್ದಲ್ಲ. ಹೊಳೆ ದಂಡೆಯ ಮರದ ಮಿಡಿ, ತೊಟ್ಟು ಮುರಿದರೆ ಸೊನೆ ಘಮ್ಮೆನ್ನಬೇಕು.

ಇನ್ನು ತೋಟ. ಶರಾವತಿ_ಸೀಮೆ ಅವರು ಹೇಳಿದ್ದು ನಿಜ, ಇಲ್ಲಿನ ದಿನಚರಿ ನಡೆಯುವುದು ಅಡಿಕೆಯ ಮೇಲೆ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲದಿದ್ದರೆ ಕೊಳೆ ರೋಗ. ನಡುವೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ. ಆಗ ಅಡಿಕೆ ಮರ ಹತ್ತುವ ಕೊನೆಗಾರರನ್ನು ಹುಡುಕುವುದೇ ದೊಡ್ಡ ಕೆಲಸ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊಯ್ಯುವವರೂ ಇದ್ದಾರೆ. ದೀಪಾವಳಿ ಆಚೆ ಈಚೆ ಕೊಯ್ಲು ಜೋರು. ಹಸಿರಡಿಕೆ ಸುಲಿದು, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು, ಅಂಗಳದಲ್ಲಿ ಒಣಗಿಸಿ, ಆಮೇಲೆ ಸುಲಿದರೆ ಚಾಲಿ. ಒಂದೇ ಮರದ ಕಾಯಿ, ಎರಡು ಬದುಕು. ರಾತ್ರಿ ಊರಿಗೆ ಊರೇ ಕೂತು ಅಡಿಕೆ ಸುಲಿಯುವ ಆ ಎರಡು ಮೂರು ತಿಂಗಳಲ್ಲಿ ಬಂದರೆ ನಿಮ್ಮ ಅತ್ತೆ ಮಾವ ಎದ್ದು ಹೋಗುವುದೇ ಇಲ್ಲ. ಮೆಟ್ಟುಕತ್ತಿ ಮುಂದೆ ಕೂತವರ ಮಾತು, ಹಾಡು, ಜಗಳ ಎಲ್ಲ ಕೇಳುವಂಥದ್ದು.

ಕೆಳದಿಗೆ ಹೋದಾಗ ವೀರಭದ್ರ ದೇವಸ್ಥಾನದ ಛಾವಣಿಯ ಗಂಡಭೇರುಂಡ ನೋಡಿ. ಪಾರ್ವತಿ ಗುಡಿಯ ಮರದ ಕೆತ್ತನೆಯ ಛಾವಣಿಯನ್ನೂ ನೋಡಿ. ಅಲ್ಲೇ ಒಂದು ಮ್ಯೂಸಿಯಂ ಇದೆ, ತಾಳೆಗರಿ ಗ್ರಂಥಗಳಿವೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ಇದೇ ಕೆಳದಿ ಮನೆತನದ ರಾಣಿ. ಶಾಲೆ ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಬಹುದು.

ನಿತ್ಯ_ಪ್ರಯಾಣಿಕ

ಒಂದು ಸೇರಿಸುತ್ತೇನೆ. ವರದಾಮೂಲ. ಬನವಾಸಿಯನ್ನು ಬಳಸಿಕೊಂಡು ಹರಿದು ತುಂಗಭದ್ರೆಗೆ ಸೇರುವ ವರದೆ ಹುಟ್ಟುವುದು ಸಾಗರದ ಪಕ್ಕದಲ್ಲೇ. ಒಂದು ಚಿಕ್ಕ ದೇವಸ್ಥಾನ, ಒಂದು ಕೊಳ, ಅಷ್ಟೇ. ಹತ್ತಿರದಲ್ಲೇ ವರದಹಳ್ಳಿಯ ಶ್ರೀಧರಾಶ್ರಮ. ವಯಸ್ಸಾದವರನ್ನು ಕರೆದುಕೊಂಡು ಬರುವವರಿಗೆ ಎರಡೂ ಒಳ್ಳೆಯ ಜಾಗ.

ರಂಗದ_ಹುಚ್ಚು

ಹೆಗ್ಗೋಡು ಯಾರೂ ಹೇಳಲೇ ಇಲ್ಲವಲ್ಲ!

ನಾನು ದಾವಣಗೆರೆಯವನು. ಜೋಗವನ್ನು ನಾನು ನೋಡಿದ್ದು ಹೆಗ್ಗೋಡಿಗೆ ನಾಟಕ ನೋಡಲು ಬಂದಾಗ. ಸಾಗರದಿಂದ ಹತ್ತು ಕಿ.ಮೀ. ಒಳಗಿನ ಹಳ್ಳಿ. 1949ರಲ್ಲಿ ಅಲ್ಲಿನವರೇ ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ಇವತ್ತಿನ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರಿಗೆ ನಾಟಕ ಒಯ್ಯುವ ತಿರುಗಾಟ 1985ರಲ್ಲಿ ಶುರುವಾದವು. ಕರ್ನಾಟಕದ ಯಾವ ಊರಲ್ಲಿ ನಾಟಕ ನೋಡಿದರೂ ರಂಗದ ಮೇಲೋ ಹಿಂದೆಯೋ ಹೆಗ್ಗೋಡಿನಲ್ಲಿ ಕಲಿತ ಒಬ್ಬರು ಇರುತ್ತಾರೆ ಅನ್ನುವಷ್ಟು ಕೆಲಸ ಆಗಿದೆ.

ನನಗೆ ಅಲ್ಲಿ ಇಷ್ಟವಾಗುವುದು ಪ್ರೇಕ್ಷಕರು. ಸುತ್ತಲಿನ ಹಳ್ಳಿಯ ಜನ ಕೆಲಸ ಮುಗಿಸಿ, ಟಾರ್ಚ್ ಹಿಡಿದು, ಮಕ್ಕಳನ್ನು ಕರೆದುಕೊಂಡು ಶಿವರಾಮ ಕಾರಂತ ರಂಗಮಂದಿರಕ್ಕೆ ಬರುತ್ತಾರೆ. ಶೇಕ್ಸ್‌ಪಿಯರ್ ಆಗಲಿ, ಭಾಸ ಆಗಲಿ, ಹೊಸ ಹುಡುಗರ ನಾಟಕ ಆಗಲಿ, ಎಲ್ಲವನ್ನೂ ನೋಡಿರುವ ಜನ. ಚೆನ್ನಾಗಿಲ್ಲ ಅಂದರೆ ಹೊರಗೆ ಬಂದು ಚಹಾ ಅಂಗಡಿಯ ಮುಂದೆ ಯಾಕೆ ಚೆನ್ನಾಗಿಲ್ಲ ಅಂತ ಹೇಳುತ್ತಾರೆ. ಬೆಂಗಳೂರಿನಲ್ಲೂ ನನಗೆ ಅಂಥ ಮಾತು ಸಿಕ್ಕಿದ್ದು ಕಡಿಮೆ. ಪ್ರವಾಸಿಗಳು ಬರಲಿ ಅಂತ ಯಾರೂ ಈ ಜನರನ್ನು ತಯಾರು ಮಾಡಲಿಲ್ಲ. ಅದಕ್ಕೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದೆ.

ಹೆಗ್ಗೋಡಿಗೆ ಹೋದವರು ಭೀಮನಕೋಣೆಯ ಚರಕಕ್ಕೂ ಹೋಗಿ. ಮಹಿಳೆಯರ ಸಹಕಾರ ಸಂಘ, ಕೈಮಗ್ಗದ ಬಟ್ಟೆ, ಬಣ್ಣವೆಲ್ಲ ಗಿಡಮೂಲದ್ದು. ತೋಟದಮನೆ ಅವರು ಹೇಳಿದ ಅಡಿಕೆ ಚೊಗರು ಇದೆಯಲ್ಲ, ಅದರಿಂದಲೂ ಇಲ್ಲಿ ಬಣ್ಣ ಹಾಕುತ್ತಾರೆ. ಇಟ್ಟಿಗೆಗೂ ಕಂದಿಗೂ ನಡುವಿನ ಆ ಕೆಂಪು ಬೇರೆಲ್ಲೂ ನಾನು ನೋಡಿಲ್ಲ.

ಮುಳುಗಡೆ_ಮೊಮ್ಮಗ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಈ ಶಾಂತ ಊರಿನ ಮಾತು ಆಡುವಾಗ ಒಂದು ವಿಷಯ ಬಿಟ್ಟುಹೋಗಬಾರದು.

ನಮ್ಮ ಅಜ್ಜನ ಊರು ಇವತ್ತು ನೀರಿನೊಳಗಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯಿತು. ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ತೋಟಗಳು ಮುಳುಗಿದವು. ಜನರನ್ನು ಲಾರಿಗಳಲ್ಲಿ ತುಂಬಿ ಗುರುತು ಪರಿಚಯ ಇಲ್ಲದ ಕಡೆ ಇಳಿಸಿದರು. ಅವರ ಮಕ್ಕಳು, ಮೊಮ್ಮಕ್ಕಳು ಎಷ್ಟೋ ಜನ ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಅದಕ್ಕೂ ಮೊದಲು ಹಿರೇಭಾಸ್ಕರ ಡ್ಯಾಂ ಇತ್ತು. ನಾವು ಮಡೆನೂರು ಡ್ಯಾಂ ಅನ್ನುತ್ತೇವೆ. ಲಿಂಗನಮಕ್ಕಿಯ ನೀರಿನಲ್ಲಿ ಆ ಡ್ಯಾಮೇ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಈಗ ಅದನ್ನು ನೋಡಲೂ ಜನ ಬರುತ್ತಾರೆ. ಬರಲಿ. ಆದರೆ ಏನನ್ನು ನೋಡುತ್ತಿದ್ದೇವೆ ಅಂತ ಗೊತ್ತಿರಲಿ.

ಜೋಗದಲ್ಲಿ ನೀರು ಜಾಸ್ತಿ ಇದೆಯೋ ಕಡಿಮೆ ಇದೆಯೋ ಅನ್ನುವುದೂ ಇದೇ ಲೆಕ್ಕ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಇಲ್ಲಿನವರು ಪೇಪರಿನಲ್ಲಿ ಮೊದಲು ಹುಡುಕುವುದು ಇವತ್ತಿನ ಮಟ್ಟ ಎಷ್ಟು ಅಂತ. ಅದು ತುಂಬುವ ಹತ್ತಿರ ಬಂದು ಗೇಟು ಎತ್ತಿದರೆ ಜೋಗ ನಿಜವಾದ ಜೋಗ. ಉಳಿದ ಕಾಲ ನದಿಯ ನೀರು ಕೊಳವೆಯಲ್ಲಿ ವಿದ್ಯುತ್ ಕೇಂದ್ರಕ್ಕೆ ಹೋಗುತ್ತದೆ. ಈಗ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಬಿಟ್ಟು ವಿದ್ಯುತ್ ಮಾಡುವ) ಯೋಜನೆಯ ಮಾತು ಬೇರೆ. ಸಿಂಗಳೀಕಗಳಿರುವ ಕಾಡು ಅದು. ಕಣಿವೆಯ ಜನ ಮತ್ತೆ ಮೆರವಣಿಗೆ, ಸಭೆ ಅಂತ ಓಡಾಡುತ್ತಿದ್ದಾರೆ.

ಇನ್ನು ಹಿನ್ನೀರಿನಾಚೆ ಚೌಡೇಶ್ವರಿ ದೇವಸ್ಥಾನವಿರುವ ಸಿಗಂದೂರು. ನಮ್ಮ ತುಮರಿ, ಕರೂರು ಕಡೆಗೆ ಹಿನ್ನೀರು ದಾಟಲು ಲಾಂಚೇ ದಾರಿಯಾಗಿತ್ತು. ಲಾಂಚ್ ನಿಂತ ಮೇಲೆ ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ದೊಡ್ಡ ಸುತ್ತು ಹಾಕಿ ಆಸ್ಪತ್ರೆಗೆ ಹೋಗಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಪ್ರವಾಸಿಗಳಿಗೆ ಲಾಂಚ್ ಮೋಜು ತಪ್ಪಿತು ಅಂತ ಕೆಲವರು ಬೇಸರ ಮಾಡಿಕೊಂಡಿದ್ದನ್ನು ಓದಿದೆ. ನಮ್ಮ ಅಮ್ಮನಿಗೆ ಆ ದಿನ ಕಣ್ಣಲ್ಲಿ ನೀರು ಬಂತು, ಖುಷಿಗೆ.

ಶಾಂತಿ ಅಂದರೆ ಕೆಲವೊಮ್ಮೆ ರಸ್ತೆ ಇಲ್ಲ, ಕರೆಂಟು ಇಲ್ಲ, ಡಾಕ್ಟರು ಇಲ್ಲ ಅನ್ನುವುದೂ ಆಗಿರುತ್ತದೆ. ನಾಡಿಗೆಲ್ಲ ವಿದ್ಯುತ್ ಕೊಟ್ಟ ಕಣಿವೆಯಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆ ದೀಪ ಉರಿಯಿತು. ಸಾಗರ ನನಗೂ ಪ್ರೀತಿಯ ಊರು. ಅದಕ್ಕೇ ಇದನ್ನು ಬರೆದೆ.

ಶರಾವತಿ_ಸೀಮೆ

ಅಣ್ಣಾ, ಇದನ್ನು ನೀವು ಬರೆದಿದ್ದು ಒಳ್ಳೆಯದಾಯಿತು. ನಾನು ಪೇಟೆಯಲ್ಲಿ ಬೆಳೆದವನು. ಸಂತೆಗೆ ಬರುತ್ತಿದ್ದ ಕರೂರು ಸೀಮೆಯವರು ಕೊನೆಯ ಲಾಂಚ್ ತಪ್ಪುತ್ತದೆ ಅಂತ ಮಧ್ಯಾಹ್ನವೇ ಗಡಿಬಿಡಿ ಮಾಡುತ್ತಿದ್ದುದು ನನಗೂ ಗೊತ್ತು.

ನಿಮ್ಮ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಈ ತಾಲ್ಲೂಕು ಯಾವತ್ತೂ ಸುಮ್ಮನೆ ಕೂತಿದ್ದಲ್ಲ. ಕಾಗೋಡು ಸತ್ಯಾಗ್ರಹ ನಡೆದಿದ್ದು 1951ರಲ್ಲಿ, ಇಲ್ಲೇ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ, ಉಳುವವನಿಗೇ ಭೂಮಿ ಅನ್ನುವವರೆಗೆ ಹೋಯಿತು. ಹೋರಾಡಿದವರು ದೀವರ ಸಮುದಾಯದ ಗೇಣಿದಾರರು, ರೈತ ಮುಖಂಡ ಗಣಪತಿಯಪ್ಪನವರು, ಸಮಾಜವಾದಿ ಶಾಂತವೇರಿ ಗೋಪಾಲಗೌಡರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಜೋಗದ ರಸ್ತೆಯಲ್ಲಿ ಹೋಗುವವರಿಗೆ ಇದು ಗೊತ್ತಾಗುವಂಥ ಒಂದು ಸಣ್ಣ ಜಾಗವಾದರೂ ಪೇಟೆಯಲ್ಲಿ ಇರಬೇಕು ಅಂತ ನನ್ನ ಆಸೆ.

ಹಸೆ_ಗೋಡೆ

ದೀವರ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಆ ಮನೆಯ ಮಗಳು. ನಮ್ಮಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತೇವೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಅದೇ ಚಿತ್ತಾರ ಬರೆದು, ಅದರಲ್ಲಿ ಅಡುಗೆ ತುಂಬಿಕೊಂಡು ನಸುಕಿನಲ್ಲಿ ಗದ್ದೆಗೆ ಹೋಗಿ ಭೂಮಿತಾಯಿಗೆ ಬಡಿಸುತ್ತೇವೆ. ಬಸುರಿಗೆ ಬಯಕೆ ಊಟ ಹಾಕಿದ ಹಾಗೆ.

ಈಗ ಚಿತ್ತಾರವನ್ನು ಫ್ರೇಮಿನೊಳಗೆ ಹಾಕಿ ಮಾರುತ್ತಾರೆ, ನಾನೂ ಬರೆದು ಮಾರುತ್ತೇನೆ. ಅದರಿಂದ ಮನೆಗೆ ನಾಲ್ಕು ಕಾಸು ಬರುತ್ತದೆ. ಪ್ರವಾಸಿಗಳು ಬಂದರೆ ನನಗೆ ಒಳ್ಳೆಯದೇ. ಆದರೆ ಗೆರೆ ಎಳೆಯುವಾಗ ನಮ್ಮ ಅಜ್ಜಿ ಹಾಡುತ್ತಿದ್ದ ಹಾಡನ್ನು ಕೇಳುವ ವ್ಯವಧಾನ ಇರುವವರು ಬಂದರೆ ಇನ್ನೂ ಒಳ್ಳೆಯದು. ಜೋಗ ಮುಗಿಸಿ ಸಂಜೆ ಏಳಕ್ಕೆ ಬಂದು ಹತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಅನ್ನುವವರಿಗೆ ಏನು ತೋರಿಸಲಿ?

ಅಂದಹಾಗೆ ಸಾಗರದ ಗುಡಿಗಾರರ ಕೆಲಸವನ್ನು ಯಾರೂ ಹೇಳಿಲ್ಲ. ಗಂಧದ ಮರದ ಕೆತ್ತನೆಗೆ ತಲೆಮಾರುಗಳಿಂದ ಹೆಸರಾದವರು. ಈಗ ಗಂಧ ಸಿಗುವುದು ಕಷ್ಟ, ಬೇರೆ ಮರದಲ್ಲೂ ಮಾಡುತ್ತಾರೆ. ಒಂದು ಚಿಕ್ಕ ಮಂಟಪದ ಬಳ್ಳಿ ಕೆತ್ತಲು ಎಷ್ಟು ದಿನ ಹಿಡಿಯುತ್ತದೆ ಅಂತ ಅವರನ್ನೇ ಕೇಳಿ, ಆಮೇಲೆ ಚೌಕಾಸಿ ಮಾಡಲು ಮನಸ್ಸೇ ಬರಲ್ಲ.

ಕಾಡಿನ_ಕಾಳಜಿ

ನನಗೆ ಈ ಚರ್ಚೆ ಓದುತ್ತಾ ಸ್ವಲ್ಪ ಭಯವಾಗುತ್ತಿದೆ. ಕಳೆದ ಕೆಲವು ವರ್ಷಗಳಲ್ಲಿ ಪಶ್ಚಿಮಘಟ್ಟದ ಎಷ್ಟು ಜಾಗಗಳನ್ನು ಹೀಗೆ ಬರೆದು ಬರೆದು ಹಾಳು ಮಾಡಿದ್ದೇವೆ ನೋಡಿ. ಯಾರಿಗೂ ಗೊತ್ತಿಲ್ಲದ ಜಲಪಾತ ಅಂತ ಒಬ್ಬರು ವಿಡಿಯೊ ಹಾಕುತ್ತಾರೆ. ಮುಂದಿನ ಮಳೆಗಾಲಕ್ಕೆ ಅಲ್ಲಿ ನೂರಾರು ಬೈಕು, ಬಾಟಲಿ, ಪ್ಲಾಸ್ಟಿಕ್. ಸಾಗರಕ್ಕೂ ಅದೇ ಆಗಬೇಕಾ? ಹಿನ್ನೀರಿನ ದಡದಲ್ಲಿ ಈಗಾಗಲೇ ಗಾಜಿನ ಚೂರು ತುಂಬಿವೆ. ದನಗಳು ನೀರು ಕುಡಿಯಲು ಇಳಿಯುವ ಜಾಗ ಅದು.

ಹೇಳಬೇಡಿ ಅನ್ನುವುದು ಸ್ವಾರ್ಥ ಅನ್ನಿಸಬಹುದು. ಆದರೂ ಕೆಲವು ಜಾಗಗಳ ಹೆಸರು ಬರೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮಣ್ಣಿನ_ಮನೆ

ಕಾಡಿನ_ಕಾಳಜಿ ಅವರೇ, ನಿಮ್ಮ ಭಯ ಅರ್ಥವಾಗುತ್ತದೆ. ನಾನು ತಾಳಗುಪ್ಪದ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಅದಕ್ಕೆ ಅಂತ ಹೊಸ ಕಟ್ಟಡ ಕಟ್ಟಿಲ್ಲ, ನಮ್ಮ ಹಳೆ ಮನೆಯ ಕೆಲವು ಕೋಣೆಗಳನ್ನೇ ಕೊಡುತ್ತೇನೆ.

ನನ್ನ ಕಡೆಯ ಮಾತನ್ನೂ ಕೇಳಿ. ನಮ್ಮೂರಲ್ಲಿ ಮುಕ್ಕಾಲು ಮನೆಗಳಲ್ಲಿ ಇರುವುದು ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ತೋಟ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ವರ್ಷ ರೇಟು ಇದ್ದರೆ ಬೆಳೆ ಇಲ್ಲ, ಬೆಳೆ ಇದ್ದರೆ ರೇಟು ಇಲ್ಲ. ನಾನು ನಗರದ ಕೆಲಸ ಬಿಟ್ಟು ವಾಪಸ್ ಬಂದಿದ್ದೇ ಈ ಹೋಂಸ್ಟೇ ನಂಬಿಕೊಂಡು. ಇದರಿಂದ ತೋಟದ ಆಳುಗಳಿಗೆ ವರ್ಷವಿಡೀ ಕೆಲಸ ಕೊಡಲು ಆಗುತ್ತಿದೆ. ಪಕ್ಕದ ಮನೆಯ ಅತ್ತಿಗೆ ಹಪ್ಪಳ, ಉಪ್ಪಿನಕಾಯಿ ಮಾರುತ್ತಾರೆ.

ಬರುವವರೇ ತೊಂದರೆ ಅಂತ ನನಗೆ ಅನ್ನಿಸಿಲ್ಲ. ಒಂದೇ ದಿನ ಎಲ್ಲರೂ ಒಂದೇ ಕಡೆ ಬರುವುದರಿಂದ ತೊಂದರೆ. ಜುಲೈ, ಆಗಸ್ಟ್‌ನ ಶನಿವಾರ ಭಾನುವಾರ ಜಾಗ ಸಾಲಲ್ಲ, ನವೆಂಬರ್‌ನ ಬುಧವಾರ ಒಬ್ಬರೂ ಇಲ್ಲ. ಜೋಗಕ್ಕೆ ಬಂದವರಲ್ಲಿ ಸ್ವಲ್ಪ ಜನ ಬೇರೆ ತಿಂಗಳಲ್ಲಿ, ಬೇರೆ ಕಾರಣಕ್ಕೆ ಬಂದರೆ ನಮಗೂ ನೆಮ್ಮದಿ, ಜಾಗಕ್ಕೂ ನೆಮ್ಮದಿ. ನಮ್ಮಲ್ಲಿ ಜೋರು ಹಾಡು ಹಾಕುವಂತಿಲ್ಲ, ಕುಡಿಯುವಂತಿಲ್ಲ. ಇದನ್ನು ಫೋನಿನಲ್ಲೇ ಹೇಳಿಬಿಡುತ್ತೇನೆ. ಅರ್ಧ ಜನ ಬರಲ್ಲ. ಬರುವವರು ಮತ್ತೆ ಮತ್ತೆ ಬರುತ್ತಾರೆ.

ಕಾಡಿನ_ಕಾಳಜಿ

ಒಪ್ಪುತ್ತೇನೆ. ನಿಮ್ಮಂಥವರು ನಡೆಸಿದರೆ ನನ್ನ ತಕರಾರಿಲ್ಲ. ಆದರೆ ಹೊರಗಿನ ಹಣ ಬಂದು ಗುಡ್ಡ ಕೊರೆದು ರೆಸಾರ್ಟ್ ಕಟ್ಟಲು ಶುರುವಾದರೆ ನಿಮ್ಮ ನಿಯಮ ಯಾರು ಕೇಳುತ್ತಾರೆ? ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ ಇಲ್ಲದೆ ತೋಟ ಇಲ್ಲ, ತೋಟ ಇಲ್ಲದೆ ಸಾಗರ ಇಲ್ಲ. ಇದನ್ನು ಪಂಚಾಯಿತಿ ಮಟ್ಟದಲ್ಲೇ ಮಾತಾಡಬೇಕು, ಈಗಲೇ.

ಇಪ್ಪತ್ತರ_ಹರೆಯ

ನಾನು ಸಾಗರದಲ್ಲೇ ಡಿಗ್ರಿ ಓದುತ್ತಿರುವವಳು. ನಿಮ್ಮೆಲ್ಲರಿಗೂ ಊರು ಶಾಂತವಾಗಿರಬೇಕು. ಇಲ್ಲೇ ಇರುವ ನಮಗೆ ಕೆಲಸವೂ ಬೇಕು. ನನ್ನ ಕ್ಲಾಸಿನಲ್ಲಿ ಕೇಳಿದರೆ ಎಲ್ಲರೂ ಬೆಂಗಳೂರು ಅನ್ನುತ್ತಾರೆ. ಹೋಗಬೇಕು ಅಂತ ಆಸೆ ಇರುವವರು ಕಡಿಮೆ, ಹೋಗದೆ ದಾರಿಯಿಲ್ಲ ಅನ್ನುವವರು ಜಾಸ್ತಿ.

ನನಗೆ ಈ ಊರು ಇಷ್ಟ. ಸಂಜೆ ಗಣಪತಿ ಕೆರೆ ದಂಡೆಯ ಮೇಲೆ ಗೆಳತಿಯರ ಜೊತೆ ನಡೆಯುವುದು, ಜಾತ್ರೆಯ ರಾತ್ರಿ ಮನೆಗೆ ಎಷ್ಟು ಹೊತ್ತಿಗೆ ಬಂದರೂ ಅಮ್ಮ ಬೈಯದಿರುವುದು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬ ಜಾತ್ರೆ. ದೇವಿಗೆ ಇಲ್ಲಿ ತವರುಮನೆಯೂ ಇದೆ, ಗಂಡನ ಮನೆಯೂ ಇದೆ. ತವರಿನಿಂದ ಗಂಡನ ಮನೆಗೆ ಮೆರವಣಿಗೆ ಹೊರಟಾಗ ಅಳುವ ಹೆಂಗಸರನ್ನು ನೋಡಿದ್ದೇನೆ. ಒಂಬತ್ತು ದಿನ ಇಡೀ ಪೇಟೆ ಜಾತ್ರೆ. ಮದುವೆಯಾಗಿ ಹೋದವರು, ಕೆಲಸಕ್ಕೆ ಹೋದವರು ಎಲ್ಲ ವಾಪಸ್. ಆ ದಿನಗಳಲ್ಲಿ ಊರು ಶಾಂತವಾಗಿರಲ್ಲ, ಆದರೂ ಆಗ ನೋಡಿ ಅಂತ ನಾನು ಹೇಳುತ್ತೇನೆ. ನಮ್ಮ ಊರು ನಮಗಾಗಿ ಗಲಾಟೆ ಮಾಡುವ ದಿನಗಳು ಅವು.

ಗೈಡ್ ಕೆಲಸಕ್ಕೆ ತರಬೇತಿ ಕೊಟ್ಟರೆ ನಾನೇ ಮೊದಲು ಸೇರುತ್ತೇನೆ. ಇಕ್ಕೇರಿಯಲ್ಲಿ ಆ ಅರಸರ ಕೆತ್ತನೆಯನ್ನು ತುಳಿದುಕೊಂಡು ಹೋಗುವವರನ್ನು ನಿಲ್ಲಿಸಿ ಹೇಳುವವರು ಒಬ್ಬರಾದರೂ ಬೇಕಲ್ವಾ?

ಶರಾವತಿ_ಸೀಮೆ

ತಂಗೀ, ಈ ಚರ್ಚೆಯಲ್ಲಿ ಬಂದ ಅತ್ಯಂತ ಒಳ್ಳೆಯ ಸಲಹೆ ನಿನ್ನದು. ಕಾಡಿನ_ಕಾಳಜಿ ಅವರ ಪ್ರಶ್ನೆಗೂ ಇದರಲ್ಲೇ ಒಂದು ಭಾಗದ ಉತ್ತರ ಇದೆ ಅಂತ ನನಗೆ ಅನ್ನಿಸುತ್ತದೆ. ಊರಿನವರೇ ಕರೆದುಕೊಂಡು ಹೋಗಿ ತೋರಿಸಿದರೆ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಬೇಡ ಅನ್ನುವುದು ಅವರ ಕೈಯಲ್ಲೇ ಇರುತ್ತದೆ. ಹೊನ್ನೆಮರಡುವಿನಲ್ಲಿ ಹಿನ್ನೀರಿನ ದೋಣಿ ಕಲಿಸುವವರು ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿಗೆ ಹೋದರೆ ಅವರು ಹೇಳಿದ ಹಾಗೆ ಇರಬೇಕು. ಕಸ ವಾಪಸ್ ಒಯ್ಯಬೇಕು.

ನಾನು ಜಲಪಾತ, ಕಾಡಿನ ದಾರಿ ಯಾವುದರ ಹೆಸರನ್ನೂ ಬರೆಯಲ್ಲ. ಪೇಟೆ, ದೇವಸ್ಥಾನ, ನಾಟಕ, ಊಟ, ಕರಕುಶಲ ಕೆಲಸ, ಇವು ಜನ ಬಂದರೆ ಉಳಿಯುವಂಥವು. ಅವುಗಳಿಗೆ ಬನ್ನಿ.

ಆಶಾ_ಕೆಲಸ

ಆರೋಗ್ಯ ಇಲಾಖೆಯ ಕೆಲಸದಲ್ಲಿ ಹಳ್ಳಿ ಸುತ್ತುವವಳು ನಾನು. ಬರುವವರಿಗೆ ಒಂದು ಮುಖ್ಯವಾದ ಮಾತು.

ಮಂಗನ ಕಾಯಿಲೆ ಈ ಭಾಗದ್ದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಇಂಗ್ಲಿಷಿನಲ್ಲಿ ಅದೇ ಹೆಸರು. ಉಣ್ಣೆ ಅನ್ನುವ ರಕ್ತ ಹೀರುವ ಸಣ್ಣ ಹುಳ ಕಚ್ಚುವುದರಿಂದ ಬರುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆಯಿಂದ 2019ರವರೆಗೆ ಜನ ಸತ್ತರು, ಆ ದಿನಗಳನ್ನು ನಾವು ಮರೆತಿಲ್ಲ. ಡಿಸೆಂಬರ್‌ನಿಂದ ಮೇ ತನಕ ಕಾಡಿನೊಳಗೆ, ತರಗೆಲೆ ಮೇಲೆ ಸುಮ್ನೆ ಓಡಾಡಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಉಣ್ಣೆ ಹತ್ತದ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ. ಮನೆಗೆ ಹೋದ ಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ಸಾಗರದ ಕಡೆ ಹೋಗಿದ್ದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಪೇಟೆ, ದೇವಸ್ಥಾನ, ಜೋಗಕ್ಕೆ ಹೋಗಲು ಹೆದರಬೇಕಿಲ್ಲ. ಮಳೆಗಾಲದಲ್ಲಿ ಇಂಬಳದ್ದು (ಜಿಗಣೆ) ಮಾತ್ರ ಕಾಟ, ಅದಕ್ಕೆ ಉಪ್ಪು, ನಿಂಬೆಹಣ್ಣು ಸಾಕು.

ಹುಬ್ಳಿ_ಅಕ್ಕ

ಎಲ್ಲರಿಗೂ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಮಾವನವರಿಗೆ ಓದಿ ಹೇಳಿದೆ. ಕಾಗೋಡು ಸತ್ಯಾಗ್ರಹ ಅಂದ ಕೂಡಲೇ ಅವರಿಗೆ ಉತ್ಸಾಹ ಬಂತು. ಈ ಸಲ ಆಲೆಮನೆ ಸಮಯಕ್ಕೆ ಬರುವ ಯೋಚನೆ. ಆಗ ಜೋಗದಲ್ಲಿ ನೀರು ಇರುತ್ತದಾ? ಕಾರು ತರದೆ ಬಂದರೆ ಓಡಾಡಬಹುದಾ?

ನಿತ್ಯ_ಪ್ರಯಾಣಿಕ

ಜನವರಿ, ಫೆಬ್ರವರಿಯಲ್ಲಿ ಜೋಗದಲ್ಲಿ ನೀರು ತೆಳ್ಳಗೆ ಇರುತ್ತದೆ, ಆದರೆ ಬಂಡೆಯ ಪೂರ್ತಿ ಎತ್ತರ ಆಗಲೇ ಕಾಣುವುದು. ಅಲ್ಲಿ ಕೆಲಸ ನಡೆಯುತ್ತಿದ್ದರೆ ಕೆಲವೊಮ್ಮೆ ಒಳಗೆ ಬಿಡಲ್ಲ, ಹೊರಡುವ ಮೊದಲು ವಿಚಾರಿಸಿ.

ಕಾರು ಇಲ್ಲದೆ ಧಾರಾಳವಾಗಿ ಬರಬಹುದು. ಹುಬ್ಬಳ್ಳಿಯಿಂದ ಶಿರಸಿಗೆ ಬಸ್ಸು, ಅಲ್ಲಿಂದ ಸಿದ್ದಾಪುರದ ಮೇಲೆ ಸಾಗರ. ಮೈಸೂರು, ಬೆಂಗಳೂರಿನವರಿಗೆ ತಾಳಗುಪ್ಪದ ರಾತ್ರಿ ರೈಲಿದೆ. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಬೆಳಿಗ್ಗೆ ಇಳಿಯಬಹುದು. ಮೀಟರ್ ಗೇಜ್ ಇದ್ದಾಗ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಪುಟಾಣಿ ರೈಲ್‌ಬಸ್ ಓಡುತ್ತಿತ್ತು, ಈಗ ಬ್ರಾಡ್ ಗೇಜ್. ಸಾಗರದಿಂದ ಜೋಗಕ್ಕೆ ಬಸ್ಸು ಸಿಗುತ್ತಲೇ ಇರುತ್ತವೆ. ಇಕ್ಕೇರಿ, ಕೆಳದಿಗೆ ಆಟೋ ಮಾಡಿಕೊಳ್ಳಿ, ಎರಡೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿ. ಹೆಗ್ಗೋಡಿಗೆ ಬಸ್ಸಿದೆ, ಆದರೆ ನಾಟಕ ಮುಗಿಯುವ ಹೊತ್ತಿಗೆ ವಾಪಸ್ ಬಸ್ಸು ಇರಲ್ಲ. ಅದನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗಿ.

ತೋಟದಮನೆ

ಅಕ್ಕಾ, ಆಲೆಮನೆ ದಿನ ಪ್ರತಿ ವರ್ಷ ಒಂದೇ ಇರಲ್ಲ. ಕಬ್ಬು ಬಲಿತ ಮೇಲೆ, ಗಾಣ ಸಿಕ್ಕ ಮೇಲೆ. ಸಂಕ್ರಾಂತಿ ಕಳೆದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ನಮ್ಮ ಕಡೆ ಯಾವಾಗ ಅಂತ ಹೇಳುತ್ತೇನೆ. ಜೋನಿ ಬೆಲ್ಲಕ್ಕೆ ಡಬ್ಬಿ ತರುವುದನ್ನು ಮರೆಯಬೇಡಿ.